ಸೋತವರು ಟೇಬಲ್ ದುಡ್ಡು ಕೊಡಬೇಕು

ಮಧ್ಯಾಹ್ನ ಎರಡಕ್ಕೆ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ಮೊದಲ ಪಾಳಿ ಮುಗಿಯುತ್ತದೆ. ಎರಡೂವರೆ ಹೊತ್ತಿಗೆ ಹೊಸೂರಿನ ಬಾಗಲೂರು ರಸ್ತೆ ಕಡೆಯ ಒಂದು ಕಟ್ಟಡದ ಇಕ್ಕಟ್ಟು ಮೆಟ್ಟಿಲುಗಳನ್ನು ನಾಲ್ಕೈದು ಮಂದಿ ಹತ್ತಿ ಬರುತ್ತಾರೆ. ಮೈಮೇಲೆ ಇನ್ನೂ ಕಂಪನಿಯ ನೀಲಿ ಅಂಗಿ, ಕೊರಳಲ್ಲಿ ಗುರುತಿನ ಚೀಟಿ. ಕೆಳಗೆ ಮೊಬೈಲ್ ರಿಪೇರಿ ಅಂಗಡಿ, ಮೇಲೆ ಮೂರು ಪೂಲ್ ಟೇಬಲ್ಲು. ಕಿಟಕಿಗೆ ಕಪ್ಪು ಕಾಗದ ಅಂಟಿಸಿದ್ದರಿಂದ ಹೊರಗಿನ ಬಿಸಿಲು ಒಳಗೆ ಕಾಣುವುದಿಲ್ಲ. ಪ್ರತಿ ಟೇಬಲ್ಲಿನ ಮೇಲೂ ಒಂದೊಂದು ದೀಪ ಮಾತ್ರ ಇಳಿಬಿದ್ದಿದೆ.

ನಾನು ಅಲ್ಲಿಗೆ ಹೋಗಲು ಶುರುಮಾಡಿದ್ದು ಆಡುವುದಕ್ಕಲ್ಲ, ಒಬ್ಬ ಹುಡುಗನ ಆಟ ನೋಡುವುದಕ್ಕೆ. ತಳಿ ಕಡೆಯ ಹಳ್ಳಿಯವನು. ಮನೆಯಲ್ಲಿ ಕನ್ನಡ, ಗೆಳೆಯರೊಂದಿಗೆ ತೆಲುಗು, ಕೆಲಸದಲ್ಲಿ ತಮಿಳು. ಒಂದೇ ಆಟ ಮುಗಿಯುವಷ್ಟರಲ್ಲಿ ಮೂರೂ ಭಾಷೆ ಅವನ ಬಾಯಲ್ಲಿ ಬಂದು ಹೋಗುತ್ತವೆ. ಮೊದಲ ದಿನ ನನಗೆ ಅವನ ಆಟ ಅರ್ಥವೇ ಆಗಲಿಲ್ಲ. ಅವನ ಪಾಲಿನ ಒಂದು ಚೆಂಡು ಮೂಲೆಯ ಪಾಕೆಟ್ಟಿನ ಬಾಯಲ್ಲೇ ನಿಂತಿತ್ತು. ಚಿಕ್ಕ ಮಗು ಉಫ್ ಎಂದು ಊದಿದರೂ ಒಳಗೆ ಬೀಳುತ್ತಿತ್ತು. ಅವನು ಅದನ್ನು ಮುಟ್ಟಲಿಲ್ಲ. ಟೇಬಲ್ಲಿನ ಆ ತುದಿಯಲ್ಲಿ ಎರಡು ಚೆಂಡುಗಳ ಮರೆಯಲ್ಲಿದ್ದ ಕಷ್ಟದ ಚೆಂಡಿನ ಸುತ್ತ ಎರಡು ಸಲ ಸುತ್ತಿ ಬಂದ. ಕ್ಯೂವಿನ ತುದಿಗೆ ನೀಲಿ ಚಾಕ್ ಉಜ್ಜಿದ. ಉಜ್ಜುವಾಗ ಅವನ ಕಣ್ಣು ಚಾಕಿನ ಮೇಲಿರಲಿಲ್ಲ, ಬಿಳಿ ಚೆಂಡು ಹೊಡೆತದ ನಂತರ ಬಂದು ನಿಲ್ಲಬೇಕಾದ ಜಾಗದ ಮೇಲಿತ್ತು. ಆಮೇಲೆ ಬಗ್ಗಿ, ಗಲ್ಲ ಕೋಲಿಗೆ ತಾಗುವಷ್ಟು ಬಗ್ಗಿ, ಮೆಲ್ಲಗೆ ಹೊಡೆದ. ಕಷ್ಟದ ಚೆಂಡು ಬಿತ್ತು. ಬಿಳಿ ಚೆಂಡು ಒಂದು ಅಂಚಿಗೆ ತಾಗಿ ಹಿಂದಿರುಗಿ, ಅವನು ಮೊದಲೇ ನೋಡಿಟ್ಟಿದ್ದ ಜಾಗದಲ್ಲೇ ನಿಂತಿತು.

ಪಕ್ಕದಲ್ಲಿದ್ದವರೊಬ್ಬರು ನನಗೆ ಬಿಡಿಸಿ ಹೇಳಿದರು. ಪಾಕೆಟ್ಟಿನ ಬಾಯಲ್ಲಿರುವ ಚೆಂಡು ಎಲ್ಲಿಗೂ ಓಡಿಹೋಗುವುದಿಲ್ಲ. ಅದು ಅಲ್ಲಿ ಇರುವಷ್ಟು ಹೊತ್ತು ಆ ಪಾಕೆಟ್ಟು ಎದುರಾಳಿಗೆ ಬಾಗಿಲು ಹಾಕಿದ ಹಾಗೆ. ಬೇಕಾದಾಗ ಅದರ ನೆಪದಲ್ಲಿ ಬಿಳಿ ಚೆಂಡನ್ನು ಎಲ್ಲಿಗೆ ಬೇಕೋ ಅಲ್ಲಿಗೆ ತರಬಹುದು. ಹೊಸಬರು ಮೊದಲು ಸುಲಭದ ಚೆಂಡು ಹಾಕಿ ಖುಷಿಪಡುತ್ತಾರೆ, ಬಲ್ಲವರು ಅದನ್ನು ಉಳಿಸಿಕೊಳ್ಳುತ್ತಾರೆ. ಈ ಆಟದ ಅರ್ಧ ವಿದ್ಯೆ ಇಷ್ಟರಲ್ಲೇ ಇದೆ. ಚೆಂಡು ಬೀಳಿಸುವುದನ್ನು ಆರು ತಿಂಗಳಲ್ಲಿ ಕಲಿಯಬಹುದು. ಬಿಳಿ ಚೆಂಡನ್ನು ನಿಲ್ಲಿಸುವುದನ್ನು ಕಲಿಯಲು ವರ್ಷಗಳು ಬೇಕು.

ಈ ಹುಡುಗನಿಗೆ ಒಂದು ತೊಂದರೆ ಬಂದಿತ್ತು. ನಮ್ಮ ಕಡೆಯ ಎಲ್ಲ ಪಾರ್ಲರುಗಳಲ್ಲೂ ಒಂದೇ ಕಾನೂನು: ಸೋತವರು ಟೇಬಲ್ ದುಡ್ಡು ಕೊಡಬೇಕು. ಅವನು ಸೋಲುತ್ತಿರಲಿಲ್ಲ. ಹಾಗಾಗಿ ತಿಂಗಳುಗಟ್ಟಲೆ ಜೇಬಿನಿಂದ ಒಂದು ರೂಪಾಯಿ ತೆಗೆಯದೆ ಆಡಿದ. ಆಮೇಲೆ ಅವನ ಜೊತೆ ಆಡುವವರು ಒಬ್ಬೊಬ್ಬರಾಗಿ ಕಡಿಮೆಯಾದರು.

"ಏನ್ಣಾ, ಒಂದ್ ಗೇಮ್ ಹಾಕೋಣ್ವಾ?"

"ಬ್ಯಾಡ ಕಣಪ್ಪ. ನಿನ್ ಜೊತೆ ಆಡಿದ್ರೆ ನನ್ ಜೇಬಿಗೇ ತೂತು."

ಚೆನ್ನಾಗಿ ಆಡಿದ್ದಕ್ಕೆ ಆಡಲು ಜನ ಸಿಗದಂತಾಗುವುದು ಈ ಆಟದ ಕೆಳಗಿನ ಮೆಟ್ಟಿಲಲ್ಲಿ ಎಲ್ಲರಿಗೂ ಎದುರಾಗುವ ಸಂಕಟ. ಒಬ್ಬನೇ ಅಭ್ಯಾಸ ಮಾಡಬೇಕೆಂದರೆ ಟೇಬಲ್ ದುಡ್ಡು ಪೂರ್ತಿ ಅವನದೇ. ಗಂಟೆಗೆ 150 ರೂಪಾಯಿ ಎಂದೇ ಇಟ್ಟುಕೊಳ್ಳಿ. ದಿನಕ್ಕೆ 4 ಗಂಟೆಯಂತೆ ತಿಂಗಳಿಗೆ 18,000. ಗುತ್ತಿಗೆ ಕೆಲಸದ ಹುಡುಗನ ಸಂಬಳವನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರೆ ಸಾಕು, ಮುಂದಿನ ಮಾತು ಹೇಳಬೇಕಾಗಿಲ್ಲ. ಪೂಲ್, ಸ್ನೂಕರ್, ಬಿಲಿಯರ್ಡ್ಸ್ ಆಟಗಾರರ ಬದುಕಿನ ಬಗ್ಗೆ ಓದಿದಷ್ಟೂ, ಕೇಳಿದಷ್ಟೂ ನನಗೆ ಗಟ್ಟಿಯಾಗುತ್ತಾ ಬಂದ ನಂಬಿಕೆ ಒಂದೇ. ಕೈಚಳಕ ಎಲ್ಲ ಊರಲ್ಲೂ ಹುಟ್ಟುತ್ತದೆ. ಅದು ಟೂರ್ನಿಯ ಅಂಗಳಕ್ಕೆ ತಲುಪುತ್ತದೋ ಇಲ್ಲವೋ ಎನ್ನುವುದು ಆ ಟೇಬಲ್ಲಿನ ದುಡ್ಡನ್ನು ಯಾರು ಕೊಟ್ಟರು ಎಂಬುದರ ಮೇಲೆ ನಿಂತಿದೆ.

ಪೂಲ್ ಎಂಬ ಹೆಸರಿನಲ್ಲೇ ದುಡ್ಡಿದೆ. ಆಟಗಾರರೆಲ್ಲ ಒಂದು ಕಡೆ ಹಾಕುತ್ತಿದ್ದ ಪಣದ ಹಣಕ್ಕೆ ಇಂಗ್ಲಿಷಿನಲ್ಲಿ ಪೂಲ್ ಎನ್ನುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಪೂಲ್ ರೂಮ್ ಎಂದರೆ ಕುದುರೆ ಜೂಜಿಗೆ ಹಣ ಕಟ್ಟುವ ಜಾಗ. ಎರಡು ರೇಸುಗಳ ನಡುವೆ ಜನ ಬೇಸರ ಕಳೆಯಲೆಂದು ಅಲ್ಲಿ ಬಿಲಿಯರ್ಡ್ಸ್ ಟೇಬಲ್ ಹಾಕಿಸಿದರು. ಕಾಲಕ್ರಮೇಣ ಹೆಸರು ಜೂಜನ್ನು ಬಿಟ್ಟು ಟೇಬಲ್ಲಿಗೆ ಅಂಟಿಕೊಂಡಿತು. ಆ ಹಳೆಯ ಕೆಟ್ಟ ಹೆಸರು ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ಹೊಸೂರಿನಲ್ಲಿ ಇಂದಿಗೂ ಮಗ ಪೂಲ್ ಆಡಲು ಹೋಗುತ್ತಾನೆ ಎಂದು ಪಕ್ಕದ ಮನೆಯವರ ಮುಂದೆ ಹೇಳಿಕೊಳ್ಳುವ ತಾಯಂದಿರು ಕಡಿಮೆ. ಕ್ರಿಕೆಟ್ ಆಡಲು ಹೋಗುತ್ತಾನೆ ಎಂದು ಹೇಳಲು ಯಾರೂ ಹಿಂಜರಿಯುವುದಿಲ್ಲ.

ಪೂಲ್, ಸ್ನೂಕರ್, ಬಿಲಿಯರ್ಡ್ಸ್ ಮೂರನ್ನೂ ಒಂದೇ ಎಂದು ತಿಳಿಯುವವರೂ ಇದ್ದಾರೆ. ಬಿಲಿಯರ್ಡ್ಸ್‌ನಲ್ಲಿ ಇರುವುದು ಮೂರೇ ಚೆಂಡು. ಸ್ನೂಕರಿನಲ್ಲಿ ಹದಿನೈದು ಕೆಂಪು, ಆರು ಬಣ್ಣದವು, ಒಂದು ಬಿಳಿ. ಎರಡಕ್ಕೂ ಟೇಬಲ್ ಒಂದೇ: 12 ಅಡಿ ಉದ್ದ, 6 ಅಡಿ ಅಗಲ, ಒಳಗೆ ಕಲ್ಲಿನ ಹಾಸು, ಮೇಲೆ ಉಣ್ಣೆಯ ಹಸಿರು ಬಟ್ಟೆ. ತೂಕ ಒಂದು ಟನ್ನಿಗೂ ಮೀರುತ್ತದೆ. ಪೂಲ್ ಟೇಬಲ್ 9 ಅಡಿಯದು, ಪಾರ್ಲರುಗಳಲ್ಲಿ ಅದಕ್ಕಿಂತ ಚಿಕ್ಕದೂ ಇರುತ್ತದೆ; ಚೆಂಡು ದಪ್ಪ, ಪಾಕೆಟ್ಟಿನ ಬಾಯಿ ದೊಡ್ಡದು. ಸಣ್ಣ ಊರುಗಳಲ್ಲಿ ಸ್ನೂಕರಿಗಿಂತ ಮೊದಲು ಪೂಲ್ ಬರುವುದಕ್ಕೆ ಕಾರಣ ಇಷ್ಟೇ. ಬಾಡಿಗೆ ಕಟ್ಟಡದ ಮೊದಲ ಮಹಡಿ ಪೂಲ್ ಟೇಬಲ್ಲನ್ನು ಹೊರುತ್ತದೆ. ಸ್ನೂಕರ್ ಟೇಬಲ್ಲಿಗೆ, ಅದರ ಸುತ್ತ ಕ್ಯೂ ಆಡಿಸಲು ಬೇಕಾದ ಜಾಗಕ್ಕೆ, ದೊಡ್ಡ ಕೋಣೆಯೇ ಬೇಕು.

ಸ್ನೂಕರ್ ಹುಟ್ಟಿದ್ದು ಪೂಲ್‌ನ ಹೊಟ್ಟೆಯಲ್ಲಿ, ಅದೂ ನಮ್ಮ ನೆಲದಲ್ಲಿ. 1875ರಲ್ಲಿ ಜಬಲ್‌ಪುರದ ದಂಡಿನಲ್ಲಿದ್ದ ನೆವಿಲ್ ಚೇಂಬರ್ಲಿನ್ ಎಂಬ ಯುವ ಅಧಿಕಾರಿ ಮಳೆಗಾಲದ ಬೇಸರಕ್ಕೆ ಬ್ಲ್ಯಾಕ್ ಪೂಲ್ ಎಂಬ ಪಣದ ಆಟಕ್ಕೆ ಇನ್ನಷ್ಟು ಬಣ್ಣದ ಚೆಂಡುಗಳನ್ನು ಸೇರಿಸಿದ. ಮುಂದೆ ಅವನು ಮದ್ರಾಸ್ ಸೇನೆಯ ದಂಡನಾಯಕ ರಾಬರ್ಟ್ಸ್ ಅವರ ಸಿಬ್ಬಂದಿಯಾಗಿ ಬೇಸಿಗೆಗೆ ಊಟಿಗೆ ಬಂದಾಗ, ಅಲ್ಲಿನ ಕ್ಲಬ್ಬಿನಲ್ಲಿ ಆಟದ ನಿಯಮಗಳನ್ನು ಬರೆದು ಗೋಡೆಗೆ ಹಾಕಲಾಯಿತು. ಊಟಿ ಕ್ಲಬ್ಬಿನ ಆ ಬಿಲಿಯರ್ಡ್ಸ್ ಕೋಣೆ ಇಂದಿಗೂ ಇದೆ. ಹೊಸೂರು ಇರುವ ರಾಜ್ಯದಲ್ಲೇ, ಬಡಗರ ಬೆಟ್ಟಗಳ ನಡುವೆ, ಪ್ರಪಂಚದ ಸ್ನೂಕರಿನ ಶಾಸನ ಬರೆದದ್ದು ಎಂದು ನಾನು ಆ ಹುಡುಗನಿಗೆ ಹೇಳಿದಾಗ ಅವನು ಕ್ಯೂ ಕೆಳಗಿಟ್ಟು ಕೇಳಿದ. "ಅಲ್ಲಿ ನಮ್ಮನ್ನ ಒಳಗ್ ಬಿಡ್ತಾರಾ?" ಅಂದ.

ಅದು ಸರಿಯಾದ ಪ್ರಶ್ನೆ. ನಮ್ಮಲ್ಲಿ ಈ ಆಟ ನೂರು ವರ್ಷ ಕ್ಲಬ್ಬಿನ ಗೋಡೆಯೊಳಗೇ ಇತ್ತು. ಬೆಂಗಳೂರಿನ ದಂಡು ಪ್ರದೇಶದ ಹಳೆಯ ಕ್ಲಬ್ಬುಗಳಲ್ಲಿ ಬಿಲಿಯರ್ಡ್ಸ್ ಕೋಣೆ ಇದ್ದೇ ಇರುತ್ತಿತ್ತು, ಆ ಕೋಣೆಯಲ್ಲಿ ಒಬ್ಬ ಮಾರ್ಕರ್ ಇರುತ್ತಿದ್ದ. ಅಂಕ ಬರೆಯುವವನು, ಚೆಂಡು ಜೋಡಿಸುವವನು, ಸಂಜೆ ಬಟ್ಟೆಗೆ ಬ್ರಷ್ ಹಾಕಿ ಇಸ್ತ್ರಿ ಮಾಡುವವನು. ಆ ಬಟ್ಟೆಗೆ ಒಂದು ದಿಕ್ಕಿನಲ್ಲಿ ಮಲಗುವ ಸಣ್ಣ ಕೂದಲಿರುತ್ತದೆ. ಅದನ್ನು ಒಂದೇ ಕಡೆಗೆ ಒರೆಸಬೇಕು, ಒಂದೇ ಕಡೆಗೆ ಇಸ್ತ್ರಿ ಎಳೆಯಬೇಕು, ಇಲ್ಲದಿದ್ದರೆ ಮೆಲ್ಲಗೆ ಉರುಳುವ ಚೆಂಡು ದಾರಿ ತಪ್ಪುತ್ತದೆ. ಮಳೆಗಾಲದಲ್ಲಿ ಟೇಬಲ್ ಎಷ್ಟು ಭಾರವಾಗುತ್ತದೆ, ಯಾವ ಅಂಚು ಚೆಂಡನ್ನು ಎಷ್ಟು ಎಸೆಯುತ್ತದೆ, ಎಲ್ಲ ಅವನಿಗೆ ಗೊತ್ತು. ಹೊಸ ಸದಸ್ಯರಿಗೆ ಕ್ಯೂ ಹಿಡಿಯಲು ಹೇಳಿಕೊಡುತ್ತಿದ್ದವನೂ ಅವನೇ. ಆದರೆ ಅವನು ಸದಸ್ಯನಲ್ಲ, ಸಂಬಳದವನು. ಗೆದ್ದವರ ಪಟ್ಟಿಯ ಮರದ ಹಲಗೆಗಳಲ್ಲಿ ಬಂಗಾರದ ಅಕ್ಷರದಲ್ಲಿ ಹೆಸರು ಬರೆಯುವಾಗ ಆ ಹೆಸರುಗಳಿಗೆ ಆಟ ಕಲಿಸಿದವನ ಹೆಸರು ಬರುತ್ತಿರಲಿಲ್ಲ. ನನಗೆ ಈ ಮಾರ್ಕರುಗಳ ಕಥೆ ಯಾರಾದರೂ ಪೂರ್ತಿ ಬರೆಯಬೇಕು ಎನ್ನಿಸುತ್ತದೆ.

ಇಲ್ಲಿ ಆನೆಯ ಮಾತೂ ಒಂದಿಷ್ಟು ಬರಬೇಕು. ಹೊಸೂರು, ದೇಂಕಣಿಕೋಟೆ, ಅಂಚೆಟ್ಟಿ ಕಡೆಯವರಿಗೆ ಆನೆ ಹೊಸದಲ್ಲ. ಪ್ರತಿ ವರ್ಷ ರಾಗಿ ಹೊಲ ಕಾಯುವ ರಾತ್ರಿಗಳಲ್ಲಿ ಅವುಗಳ ಲೆಕ್ಕ ಇಟ್ಟವರು ನಾವು. ಒಂದು ಕಾಲದಲ್ಲಿ ಈ ಆಟದ ಚೆಂಡುಗಳನ್ನು ಆನೆಯ ದಂತದಿಂದ ಕೊರೆಯುತ್ತಿದ್ದರು. ಒಂದು ದಂತದಲ್ಲಿ ಒಳ್ಳೆಯ ಚೆಂಡು ಸಿಗುತ್ತಿದ್ದದ್ದು ಕೈಬೆರಳೆಣಿಕೆಯಷ್ಟು. 1860ರ ದಶಕದಲ್ಲಿ ಅಮೆರಿಕದ ಟೇಬಲ್ ತಯಾರಕರೊಬ್ಬರು ದಂತಕ್ಕೆ ಬದಲಿ ಕಂಡುಹಿಡಿದವರಿಗೆ 10,000 ಡಾಲರ್ ಬಹುಮಾನ ಘೋಷಿಸಿದರು. ಆ ಹುಡುಕಾಟದಲ್ಲೇ ಜಾನ್ ವೆಸ್ಲಿ ಹಯಾಟ್ ಸೆಲ್ಯುಲಾಯ್ಡ್ ಮಾಡಿದ್ದು. ಪ್ಲಾಸ್ಟಿಕ್ಕಿನ ಯುಗಕ್ಕೆ ಅದು ಮೊದಲ ಬಾಗಿಲು. ಈಗ ಪ್ರಪಂಚದ ಹೆಚ್ಚಿನ ಒಳ್ಳೆಯ ಚೆಂಡುಗಳು ಬೆಲ್ಜಿಯಮ್ಮಿನ ಒಂದು ಕಾರ್ಖಾನೆಯಿಂದ ಬರುತ್ತವೆ, ಫೀನಾಲಿಕ್ ರಾಳದಿಂದ. ನಮ್ಮ ಪಾರ್ಲರಿನ ಸವೆದ ಚೆಂಡುಗಳಿಗೂ ಅದೇ ವಂಶ.

ಹೊಸೂರಿನಿಂದ ಅತ್ತಿಬೆಲೆ ದಾಟಿ 40 ಕಿಲೋಮೀಟರ್ ಹೋದರೆ ಬೆಂಗಳೂರು. ಅಲ್ಲಿ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆ ಇದೆ. ಬಾಯಿ ಮಾತಿನಲ್ಲಿ ಕೆಎಸ್‌ಬಿಎ. ಈ ದೇಶದಲ್ಲಿ ಕ್ಯೂ ಹಿಡಿದ ಯಾರನ್ನು ಕೇಳಿದರೂ ಈ ನಾಲ್ಕಕ್ಷರ ಗೊತ್ತು. ಅರವಿಂದ ಸಾವೂರ್ ಅವರಂಥ ರಾಷ್ಟ್ರೀಯ ಚಾಂಪಿಯನ್ ತಾವು ಕಲಿತದ್ದನ್ನು ಮುಂದಿನ ಪೀಳಿಗೆಗೆ ಧಾರೆಯೆರೆದ ಊರು ಅದು. ಅವರ ಗರಡಿಯಲ್ಲಿ ಬೆಳೆದವನೇ ಪಂಕಜ್ ಅಡ್ವಾಣಿ. ಹುಟ್ಟಿದ್ದು 1985ರಲ್ಲಿ ಪುಣೆಯಲ್ಲಿ, ಹಸುಗೂಸಿನ ದಿನಗಳು ಕುವೈತಿನಲ್ಲಿ, ಕೊಲ್ಲಿ ಯುದ್ಧದ ಹೊತ್ತಿಗೆ ಕುಟುಂಬ ಬೆಂಗಳೂರಿಗೆ ಬಂತು. ಅಣ್ಣ ಶ್ರೀ ಸ್ನೂಕರ್ ಆಡಲು ಹೋಗುತ್ತಿದ್ದಾಗ ಹಿಂದೆ ಹೋದ ತಮ್ಮ 2003ರಲ್ಲಿ ಚೀನಾದ ಜಿಯಾಂಗ್‌ಮೆನ್‌ನಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಗೆದ್ದಾಗ ಅವನಿಗೆ 18 ವರ್ಷ. 2005ರಲ್ಲಿ ಮಾಲ್ಟಾದಲ್ಲಿ ಬಿಲಿಯರ್ಡ್ಸ್‌ನ ಪಾಯಿಂಟ್ ಮಾದರಿ, ಸಮಯದ ಮಾದರಿ ಎರಡನ್ನೂ ಒಂದೇ ಸಲ ಗೆದ್ದ. ಅದುವರೆಗೆ ಯಾರೂ ಮಾಡಿರಲಿಲ್ಲ. ಅದನ್ನೇ 2008ರಲ್ಲಿ ಬೆಂಗಳೂರಿನಲ್ಲಿ, 2014ರಲ್ಲಿ ಲೀಡ್ಸ್‌ನಲ್ಲಿ ಮತ್ತೆ ಮಾಡಿದ. 2006ರ ದೋಹಾ, 2010ರ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ. 2024ರ ನವೆಂಬರಿಗೆ ಅವರ ವಿಶ್ವ ಪ್ರಶಸ್ತಿಗಳ ಲೆಕ್ಕ 28.

ಈ ಪಟ್ಟಿಯನ್ನು ಎಲ್ಲರೂ ಬರೆಯುತ್ತಾರೆ. ನನಗೆ ಹೆಚ್ಚು ಮುಖ್ಯವೆನ್ನಿಸುವುದು ಅವರ ಬದುಕಿನ ಎರಡು ವರ್ಷ. 2012ರಲ್ಲಿ ಪಂಕಜ್ ವೃತ್ತಿಪರ ಸ್ನೂಕರಿನ ಮುಖ್ಯ ಸರ್ಕ್ಯೂಟಿಗೆ ಸೇರಿದರು. ಆ ಸರ್ಕ್ಯೂಟಿನ ಬೇರು ಇಂಗ್ಲೆಂಡಿನಲ್ಲಿ. ಟೂರ್ನಿ ಇಂದು ವೇಲ್ಸ್, ಮುಂದಿನ ವಾರ ಜರ್ಮನಿ, ಅದರ ಮುಂದೆ ಚೀನಾ. ಆಟಗಾರ ಅಲ್ಲೇ ಮನೆ ಮಾಡಬೇಕು, ವೀಸಾ ನೋಡಿಕೊಳ್ಳಬೇಕು, ವಿಮಾನದ ಟಿಕೆಟ್ಟಿಗೂ ಹೋಟೆಲಿಗೂ ತಾನೇ ದುಡ್ಡು ಹಾಕಬೇಕು. ಆ ದಿನಗಳಲ್ಲಿ ಹೆಚ್ಚಿನ ಟೂರ್ನಿಗಳಲ್ಲಿ ಮೊದಲ ಸುತ್ತಿನಲ್ಲೇ ಸೋತವನ ಕೈಗೆ ಏನೂ ಬರುತ್ತಿರಲಿಲ್ಲ. ಸಾವಿರಾರು ಕಿಲೋಮೀಟರ್ ಹಾರಿ, ಎರಡು ಗಂಟೆ ಆಡಿ, ಸೋತು, ಮರುದಿನ ಖಾಲಿ ಕೈಯಲ್ಲಿ ವಾಪಸು. ಹೊಸೂರಿನ ಪಾರ್ಲರಿನ ಕಾನೂನೇ ಅಲ್ಲಿಯೂ ಇತ್ತು, ಮೊತ್ತ ಮಾತ್ರ ಬೇರೆ. 2013ರ ವೆಲ್ಷ್ ಓಪನ್‌ನಲ್ಲಿ ಪಂಕಜ್ ಕ್ವಾರ್ಟರ್‌ಫೈನಲ್ ತಲುಪಿದರು. ರ‍್ಯಾಂಕಿಂಗ್ ಟೂರ್ನಿಯೊಂದರಲ್ಲಿ ಭಾರತೀಯನೊಬ್ಬ ಅಲ್ಲಿಯವರೆಗೆ ಹೋದದ್ದು ಅದೇ ಮೊದಲು. ಮರುವರ್ಷ ಅವರು ಆ ಸರ್ಕ್ಯೂಟನ್ನು ಬಿಟ್ಟು ಬೆಂಗಳೂರಿಗೆ ಮರಳಿದರು. ಮನೆಯನ್ನೂ ಬಿಲಿಯರ್ಡ್ಸನ್ನೂ ಬಿಟ್ಟಿರಲಾಗಲಿಲ್ಲ ಎಂದರು. ಹಣದ ಆಟ ಸ್ನೂಕರಿನಲ್ಲಿದೆ, ಬಿಲಿಯರ್ಡ್ಸ್‌ನಲ್ಲಿ ಇಲ್ಲ. ಅದು ಗೊತ್ತಿದ್ದೂ ಮರಳಿ ಬರಲು ಅವರಿಗೆ ಸಾಧ್ಯವಾದದ್ದಕ್ಕೆ ಒಎನ್‌ಜಿಸಿಯ ನೌಕರಿಯೂ ಒಂದು ಆಸರೆ ಎಂದು ನಾನು ತಿಳಿದಿದ್ದೇನೆ. ತಿಂಗಳ ಸಂಬಳ ಬರುವವನು ಸೋಲಿಗೆ ಹೆದರದೆ ಆಡಬಹುದು, ತನಗೆ ಪ್ರೀತಿಯಾದ ಆಟವನ್ನೇ ಆಡಬಹುದು.

ನೌಕರಿ ಎಂದಾಗ ನನಗೆ ಮೊದಲು ನೆನಪಾಗುವವರು ಪಂಕಜ್ ಅಲ್ಲ, ಉಮಾದೇವಿ.

ರೇವಣ್ಣ ಉಮಾದೇವಿ ಕರ್ನಾಟಕದ ತೋಟಗಾರಿಕೆ ಇಲಾಖೆಯಲ್ಲಿ ಬೆರಳಚ್ಚುಗಾರ್ತಿಯಾಗಿದ್ದರು. ಕಬ್ಬನ್ ಪಾರ್ಕಿನಲ್ಲಿ ಸರ್ಕಾರಿ ನೌಕರರ ಸಚಿವಾಲಯ ಕ್ಲಬ್ ಇದೆ. ಕಚೇರಿ ಮುಗಿಸಿ ಅಲ್ಲಿಗೆ ಅವರು ಹೋಗುತ್ತಿದ್ದದ್ದು ಟೇಬಲ್ ಟೆನಿಸ್ ಆಡಲು. ಅಲ್ಲಿ ಪಾಳಿಗೆ ಕಾಯಬೇಕಿತ್ತು. ಕಾಯುತ್ತಾ ನಿಂತವರ ಕಣ್ಣು ಪಕ್ಕದ ಬಿಲಿಯರ್ಡ್ಸ್ ಟೇಬಲ್ಲಿನ ಮೇಲೆ ಬಿತ್ತು. 1990ರ ದಶಕ ಅದು. ಕ್ಯೂ ಹಿಡಿದ ಹೆಂಗಸರನ್ನು ನೋಡುವುದೇ ಅಪರೂಪ. ಈ ಆಟದಲ್ಲಿ ಮೈ ಬಗ್ಗಿಸಿ ಟೇಬಲ್ಲಿನ ಮೇಲೆ ಒರಗಬೇಕು, ಸುತ್ತ ಗಂಡಸರು ನಿಂತು ನೋಡುತ್ತಿರುತ್ತಾರೆ. ನಮ್ಮ ಮನೆಗಳಲ್ಲಿ ಬೆಳೆದ ಹೆಣ್ಣುಮಗಳಿಗೆ ಆ ಮೊದಲ ಬಗ್ಗುವಿಕೆಯೇ ಒಂದು ಪಂದ್ಯ. ಉಮಾದೇವಿ ಬಗ್ಗಿದರು. ಹಗಲು ಇಲಾಖೆಯ ಕಡತ ಟೈಪ್ ಮಾಡಿದ ಬೆರಳುಗಳು ಸಂಜೆ ಟೇಬಲ್ಲಿನ ಮೇಲೆ ಕ್ಯೂವಿಗೆ ಸೇತುವೆಯಾದವು. ಹೆಬ್ಬೆರಳನ್ನೂ ತೋರುಬೆರಳನ್ನೂ ಸೇರಿಸಿ ಕೋಲಿಗೆ ಜಾಡು ಮಾಡುವುದಕ್ಕೆ ಆಟಗಾರರು ಬ್ರಿಡ್ಜ್ ಎನ್ನುತ್ತಾರೆ. ಅದು ಒಂದು ಕೂದಲೆಳೆ ಅಲುಗಿದರೂ ಹೊಡೆತ ಕೆಟ್ಟಿತು. ಹಾಗೆ ವರ್ಷಗಟ್ಟಲೆ ಕಲಿತು, ರಾಷ್ಟ್ರೀಯ ಚಾಂಪಿಯನ್ ಆಗಿ, 2012ರಲ್ಲಿ ಇಂಗ್ಲೆಂಡಿಗೆ ಹೋಗಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಗೆದ್ದರು. ಆಗ ಅವರು ನಲವತ್ತು ದಾಟಿದ್ದರು. ಮುಂದೆ ನಾರಿ ಶಕ್ತಿ ಪುರಸ್ಕಾರವೂ ಬಂತು.

ನಾನು ಈ ಕಥೆಯನ್ನು ಯಾರಿಗಾದರೂ ಹೇಳುವಾಗ ಕೇಳುವವರು ಉಮಾದೇವಿಯವರ ಛಲದ ಬಗ್ಗೆಯೇ ಮಾತಾಡುತ್ತಾರೆ. ಛಲ ಇತ್ತು, ನಿಜ. ಆದರೆ ಆ ಟೇಬಲ್ಲೂ ಇತ್ತಲ್ಲ! ಸರ್ಕಾರಿ ನೌಕರರ ಕ್ಲಬ್ಬಿನಲ್ಲಿ, ಒಬ್ಬ ಬೆರಳಚ್ಚುಗಾರ್ತಿ ಸಂಜೆ ನಡೆದು ಹೋಗಬಹುದಾದಷ್ಟು ಹತ್ತಿರದಲ್ಲಿ, ಅವಳ ಸಂಬಳಕ್ಕೆ ಎಟುಕುವಂತೆ ಯಾರೋ ಒಂದು ಕಾಲದಲ್ಲಿ ಒಂದು ಬಿಲಿಯರ್ಡ್ಸ್ ಟೇಬಲ್ ಹಾಕಿಸಿದ್ದರು. ಆ ಪುಣ್ಯಾತ್ಮನ ಹೆಸರನ್ನೂ ಎಲ್ಲಾದರೂ ಬರೆದಿಡಬೇಕು.

ಕರ್ನಾಟಕದ ಹೆಂಗಸರು ಈ ಆಟದಲ್ಲಿ ಮಾಡಿದ್ದು ಕಡಿಮೆಯಲ್ಲ. ಚಿತ್ರಾ ಮಗಿಮೈರಾಜ್ ಮೊದಲು ಹಾಕಿ ಆಡುತ್ತಿದ್ದವರು. ಮೊಣಕಾಲಿನ ಗಾಯ ಮೈದಾನ ಬಿಡಿಸಿತು, ಬಿಲಿಯರ್ಡ್ಸ್ ಕೈಹಿಡಿಯಿತು. 2006 ಮತ್ತು 2007ರಲ್ಲಿ ಸತತ ಎರಡು ಸಲ ವಿಶ್ವ ಬಿಲಿಯರ್ಡ್ಸ್ ಗೆದ್ದರು. ಪೂಲ್‌ನಲ್ಲೂ ರಾಷ್ಟ್ರೀಯ ಪ್ರಶಸ್ತಿ ಪಡೆದರು. ವಿದ್ಯಾ ಪಿಳ್ಳೈ ಹುಟ್ಟೂರು ಚೆನ್ನೈ, ಆಟ ಬೆಂಗಳೂರಿನದು. 2017ರಲ್ಲಿ ಸಿಂಗಪುರದಲ್ಲಿ ಮಹಿಳೆಯರ ವಿಶ್ವ ಸ್ನೂಕರ್ ಫೈನಲ್‌ನಲ್ಲಿ ಹಾಂಗ್‌ಕಾಂಗ್‌ನ ಎನ್‌ಜಿ ಆನ್ ಯೀ ಎದುರು ಕೊನೆಯ ಫ್ರೇಮಿನವರೆಗೆ ಎಳೆದು 5–6ರಲ್ಲಿ ಸೋತರು. ಗಂಟೆಗಟ್ಟಲೆ ಉರುಳಿದ ಪಂದ್ಯ ಅದು. ಗೆದ್ದವರ ಹೆಸರು ದಾಖಲೆಯಲ್ಲಿದೆ; ಆ ಕೊನೆಯ ಫ್ರೇಮ್ ಸೋತು ಕುರ್ಚಿಯಲ್ಲಿ ಕುಳಿತವರ ಮನಸ್ಸನ್ನು ನಾನು ಆಗಾಗ ನೆನೆಯುತ್ತೇನೆ. ಈ ಆಟದಲ್ಲಿ ಎದುರಾಳಿ ಹೊಡೆಯುತ್ತಿರುವಾಗ ನಮಗೆ ಮಾಡಲು ಏನೂ ಕೆಲಸವಿಲ್ಲ. ಸುಮ್ಮನೆ ಕೂತು ನಮ್ಮ ಸೋಲು ಒಂದೊಂದೇ ಚೆಂಡಾಗಿ ಬೀಳುವುದನ್ನು ನೋಡಬೇಕು. ಬೇರೆ ಯಾವ ಆಟದಲ್ಲೂ ಇಷ್ಟು ಕುಳಿತಿರುವ ಶಿಕ್ಷೆ ಇಲ್ಲ.

ಪೂಲ್ ಲೋಕದಲ್ಲಿ ಬಡತನದಿಂದ ಎದ್ದು ಬಂದವರಲ್ಲಿ ದೊಡ್ಡ ಹೆಸರು ಫಿಲಿಪ್ಪೀನ್ಸಿನ ಎಫ್ರೆನ್ ರೇಯಸ್. ಬಾಲ್ಯದಲ್ಲಿ ಮನಿಲಾದಲ್ಲಿ ಮಾವನ ಪೂಲ್ ಹಾಲಿನಲ್ಲಿ ಕೆಲಸ ಮಾಡುತ್ತಾ, ರಾತ್ರಿ ಟೇಬಲ್ಲಿನ ಮೇಲೆಯೇ ಮಲಗಿ ಬೆಳೆದವನು. ಅಂದರೆ ನಮ್ಮ ಕ್ಲಬ್ಬುಗಳ ಮಾರ್ಕರನ ಹಾಗೆಯೇ. ವ್ಯತ್ಯಾಸವೆಂದರೆ ಅಲ್ಲಿ ಆ ಹುಡುಗ ಆಡಬಾರದೆಂಬ ಗೋಡೆ ಇರಲಿಲ್ಲ. ಅವನ ಕೈ ನೋಡಿದವರು ಪಣ ಕಟ್ಟಿದರು, ದೂರದೂರಿಗೆ ಕರೆದೊಯ್ದರು. 1985ರಲ್ಲಿ ಅಮೆರಿಕಕ್ಕೆ ಹೋದಾಗ ಅವನ ಹೆಸರು ಆಗಲೇ ಕೇಳಿದ್ದವರಿದ್ದರು. ನಿಜ ಹೆಸರು ಹೇಳಿದರೆ ಯಾರೂ ಎದುರಾಗುವುದಿಲ್ಲವೆಂದು ಸೀಸರ್ ಮೊರಾಲೆಸ್ ಎಂಬ ಸುಳ್ಳು ಹೆಸರಿನಲ್ಲಿ ಟೆಕ್ಸಸ್ಸಿನಲ್ಲಿ ಆಡಿದ. ಹೊಸೂರಿನ ಹುಡುಗನ ಸಂಕಟವೇ ಅವನದೂ: ಗೆಲ್ಲುವವನೆಂದು ಗೊತ್ತಾದರೆ ಆಡುವವರಿಲ್ಲ. 1999ರಲ್ಲಿ ಕಾರ್ಡಿಫ್‌ನಲ್ಲಿ ವಿಶ್ವ ನೈನ್‌ಬಾಲ್ ಪೂಲ್ ಗೆದ್ದು ಬಂದ ಮೇಲೆ ಫಿಲಿಪ್ಪೀನ್ಸಿನ ಗಲ್ಲಿಗಲ್ಲಿಯಲ್ಲಿ ಪೂಲ್ ಗೌರವದ ಆಟವಾಯಿತು. ಬೀದಿ ಬದಿಯ ಶೆಡ್ಡುಗಳಲ್ಲಿ ಟೇಬಲ್ ಇರುವ ಆ ದೇಶದಿಂದ ಇಂದಿಗೂ ಚಾಂಪಿಯನ್ನರು ಬರುತ್ತಲೇ ಇದ್ದಾರೆ.

ದುಡ್ಡು ಈ ಆಟವನ್ನು ಹೇಗೆ ಕಾಡುತ್ತದೆ ಎಂಬುದಕ್ಕೆ ಬೆಂಗಳೂರೇ ನೋಡಿದ ಒಂದು ಪ್ರಸಂಗವಿದೆ. 2014ರ ನವೆಂಬರಿನಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಬೆಂಗಳೂರಿನಲ್ಲಿ ನಡೆಯಿತು. ಚೀನಾದ ಯಾನ್ ಬಿಂಗ್‌ಟಾವೊ ಎಂಬ 14 ವರ್ಷದ ಬಾಲಕ ಫೈನಲ್‌ನಲ್ಲಿ ಪಾಕಿಸ್ತಾನದ ಮುಹಮ್ಮದ್ ಸಜ್ಜಾದ್ ಅವರನ್ನು 8–7ರಲ್ಲಿ ಸೋಲಿಸಿದ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಆ ಪಟ್ಟ ಯಾರಿಗೂ ಸಿಕ್ಕಿರಲಿಲ್ಲ. ಮುಂದೆ ವೃತ್ತಿಪರನಾಗಿ 2021ರಲ್ಲಿ ಮಾಸ್ಟರ್ಸ್ ಗೆದ್ದ; ಸ್ನೂಕರಿನ ಮೂರು ದೊಡ್ಡ ಪ್ರಶಸ್ತಿಗಳಲ್ಲಿ ಅದೊಂದು. 2023ರಲ್ಲಿ ಪಂದ್ಯ ಮಾರಿಕೊಂಡ ಪ್ರಕರಣದಲ್ಲಿ ಹತ್ತು ಚೀನೀ ಆಟಗಾರರ ಮೇಲೆ ನಿಷೇಧ ಬಿತ್ತು. ಆ ಹತ್ತರಲ್ಲಿ ಯಾನ್ ಕೂಡ ಒಬ್ಬ. ಅವನಿಗೆ ಐದು ವರ್ಷ. ತಪ್ಪು ತಪ್ಪೇ, ಅದಕ್ಕೆ ನಾನು ಸಮಜಾಯಿಷಿ ಕೊಡುವುದಿಲ್ಲ. ಆದರೆ ಹದಿಹರೆಯದಲ್ಲೇ ಮನೆ ಬಿಟ್ಟು ಪರದೇಶದ ಊರೊಂದರಲ್ಲಿ, ದಿನವಿಡೀ ಕಿಟಕಿಯಿಲ್ಲದ ಕೋಣೆಗಳಲ್ಲಿ, ಸೋತರೆ ಬರಿಗೈ ಎಂಬ ಲೆಕ್ಕದಲ್ಲಿ ಬೆಳೆದ ಮಕ್ಕಳ ಸುತ್ತ ಜೂಜಿನವರು ಸುಳಿಯದೆ ಇರುತ್ತಾರೆಯೇ? ವೃತ್ತಿಪರ ಸ್ನೂಕರಿನ ಆಡಳಿತ 2022ರಲ್ಲಿ ಸರ್ಕ್ಯೂಟಿನ ಪ್ರತಿ ಆಟಗಾರನಿಗೂ ಒಂದು ಋತುವಿಗೆ 20,000 ಪೌಂಡ್ ಖಾತ್ರಿ ಕೊಡುವ ಏರ್ಪಾಡು ಮಾಡಿತು. ಇದು ಬಹಳ ಹಿಂದೆಯೇ ಆಗಬೇಕಿತ್ತು.

ನಮ್ಮ ದೇಶದಲ್ಲಿ ಇಂಥ ಖಾತ್ರಿಯ ಜಾಗದಲ್ಲಿ ಇರುವುದು ನೌಕರಿ. ಪೆಟ್ರೋಲಿಯಂ ಕಂಪನಿಗಳ ಕ್ರೀಡಾ ಮಂಡಳಿ ಎಷ್ಟೋ ಕ್ಯೂ ಆಟಗಾರರ ಮನೆಯ ಒಲೆ ಉರಿಸಿದೆ. ಏಷ್ಯನ್ ಕ್ರೀಡಾಕೂಟದಲ್ಲಿ 1998ರಿಂದ 2010ರವರೆಗೆ ಈ ಆಟಗಳಿದ್ದವು. 1998ರ ಬ್ಯಾಂಕಾಕ್‌ನಲ್ಲಿ ಅಶೋಕ್ ಶಾಂಡಿಲ್ಯ, ಗೀತ್ ಸೇಠಿ ಚಿನ್ನ ತಂದರು. 2010ರ ನಂತರ ಈ ಆಟಗಳನ್ನು ಕೈಬಿಟ್ಟರು. ಒಲಿಂಪಿಕ್ಸ್‌ನಲ್ಲಿ ಎಂದೂ ಇರಲಿಲ್ಲ. ಪದಕದ ಪಟ್ಟಿಯಲ್ಲಿ ಇಲ್ಲದ ಆಟಕ್ಕೆ ಸರ್ಕಾರದ ಹಣವೂ ಖಾಸಗಿ ಹಣವೂ ಬೇಗ ಬತ್ತುತ್ತದೆ. ಸ್ವತಂತ್ರ ಭಾರತಕ್ಕೆ ಯಾವುದೇ ಕ್ರೀಡೆಯಲ್ಲಿ ಮೊದಲ ವೈಯಕ್ತಿಕ ವಿಶ್ವ ಪಟ್ಟ ತಂದವರು ಬಿಲಿಯರ್ಡ್ಸ್‌ನ ವಿಲ್ಸನ್ ಜೋನ್ಸ್, 1958ರಲ್ಲಿ ಕಲ್ಕತ್ತೆಯಲ್ಲಿ. ಶಾಲೆಯ ಎಷ್ಟು ಮಕ್ಕಳಿಗೆ ಆ ಹೆಸರು ಗೊತ್ತು ಎಂದು ಒಮ್ಮೆ ಕೇಳಿ ನೋಡಿ.

ಹೊಸೂರಿನ ಹುಡುಗನಿಗೆ ಇನ್ನೊಂದು ತೊಡಕೂ ಇದೆ. ಭಾಷೆಗಳ ಮೇಲೆ ರಾಜ್ಯಗಳ ಗಡಿ ಎಳೆದಾಗ ಹೊಸೂರು ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಜಿಲ್ಲೆ ಮಾತ್ರ ಬದಲಾಗುತ್ತಾ ಬಂತು. ಮೊದಲು ಸೇಲಂ, ಆಮೇಲೆ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಹಾಲು, ಗುಲಾಬಿ, ತರಕಾರಿ, ಕೂಲಿ ಎಲ್ಲವೂ ಬೆಳಗಾಗುವ ಮುನ್ನ ಅತ್ತಿಬೆಲೆ ದಾಟುತ್ತವೆ. ಆದರೆ ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆ ಆಟಗಾರರನ್ನು ಆರಿಸಿ ಕಳಿಸುವವು ರಾಜ್ಯ ಸಂಸ್ಥೆಗಳು. ಅವನ ರಾಜ್ಯದ ಸಂಸ್ಥೆ ಚೆನ್ನೈಯಲ್ಲಿ, ಮುನ್ನೂರು ಕಿಲೋಮೀಟರಿಗೂ ಆಚೆ. 40 ಕಿಲೋಮೀಟರಿನಲ್ಲಿ ದೇಶದ ಅತ್ಯುತ್ತಮ ಟೇಬಲ್ಲುಗಳಿವೆ, ಅವು ನೆರೆ ರಾಜ್ಯದವು. 2017ರಲ್ಲಿ ಅಹಮದಾಬಾದಿನಲ್ಲಿ ನೈನ್‌ಬಾಲ್ ಪೂಲ್ ಮತ್ತು ಆರು ಕೆಂಪಿನ ಸ್ನೂಕರ್ ಸೇರಿಸಿ ಒಂದು ಲೀಗ್ ನಡೆದಾಗ ಬೆಂಗಳೂರಿನ ಹೆಸರಿನಲ್ಲಿ ಒಂದು ತಂಡ, ಚೆನ್ನೈ ಹೆಸರಿನಲ್ಲಿ ಒಂದು ತಂಡ ಇತ್ತು. ಹೊಸೂರು ಇವೆರಡರ ನಡುವೆ ರೈಲು ನಿಲ್ಲದ ನಿಲ್ದಾಣದ ಹಾಗೆ ಉಳಿಯಿತು.

ಇದಕ್ಕೆ ಏನು ಮಾಡಬಹುದು ಎಂದು ಕೇಳಿದರೆ ನನ್ನ ಮನಸ್ಸಿನಲ್ಲಿರುವುದು ದೊಡ್ಡ ಯೋಜನೆಯಲ್ಲ. ಈ ಊರಿನಲ್ಲಿ ಮೋಪೆಡ್ಡು, ಲಾರಿ, ಗಡಿಯಾರ ಎಲ್ಲ ತಯಾರಾಗುತ್ತವೆ. ಸಾವಿರಾರು ಜನರಿಗೆ ಊಟ ಹಾಕುವ ಕ್ಯಾಂಟೀನುಗಳಿವೆ, ಕಾರ್ಮಿಕರ ಮನರಂಜನೆಯ ಕೋಣೆಗಳಿವೆ, ಕೇರಂ ಬೋರ್ಡುಗಳಿವೆ. ಅಲ್ಲೊಂದು ಇಲ್ಲೊಂದು ಕಡೆ ಒಂದೊಂದು ಒಳ್ಳೆಯ ಟೇಬಲ್ ಹಾಕಿಸಿ, ಸಂಜೆ ಹೊತ್ತು ಊರಿನ ಮಕ್ಕಳಿಗೂ ತೆರೆದಿಟ್ಟರೆ ಸಾಕು. ಕಬ್ಬನ್ ಪಾರ್ಕಿನಲ್ಲಿ ಅಂಥ ಒಂದು ಟೇಬಲ್ಲಿನಿಂದ ವಿಶ್ವ ಚಾಂಪಿಯನ್ ಬಂದದ್ದು ಕಟ್ಟುಕಥೆಯಲ್ಲ.

ಮೊನ್ನೆ ಮತ್ತೆ ಆ ಪಾರ್ಲರಿಗೆ ಹೋದೆ. ಹುಡುಗ ಇದ್ದ, ಆಡುತ್ತಿರಲಿಲ್ಲ. ಪಾರ್ಲರಿನ ಯಜಮಾನರು ಅವನಿಗೆ ಒಂದು ದಾರಿ ಮಾಡಿಕೊಟ್ಟಿದ್ದರು. ಪಾಳಿ ಮುಗಿಸಿ ಬಂದು ರಾತ್ರಿ ಬಾಗಿಲು ಹಾಕುವವರೆಗೆ ಕೌಂಟರ್ ನೋಡಿಕೊಳ್ಳಬೇಕು, ಚೆಂಡು ಒರೆಸಬೇಕು, ಬಟ್ಟೆಗೆ ಬ್ರಷ್ ಹಾಕಬೇಕು. ಬಾಗಿಲು ಹಾಕಿದ ಮೇಲೆ ಒಂದು ಗಂಟೆ ಟೇಬಲ್ ಅವನದು, ದುಡ್ಡಿಲ್ಲ. ಚೆನ್ನೈಯಲ್ಲಿ ನಡೆಯುವ ಒಂದು ಟೂರ್ನಿಗೆ ಹೆಸರು ಕೊಡಲು ಹಣ ಕೂಡಿಸುತ್ತಿದ್ದೇನೆ ಎಂದ. ಮಾತಾಡುತ್ತಲೇ ಬ್ರಷ್ ಎತ್ತಿಕೊಂಡು ಕೊನೆಯ ಟೇಬಲ್ಲಿಗೆ ಹೋದ. ಒಂದು ತುದಿಯಿಂದ ಇನ್ನೊಂದು ತುದಿಗೆ, ಒಂದೇ ದಿಕ್ಕಿನಲ್ಲಿ, ನೇರವಾಗಿ ಎಳೆದ. ದೀಪದ ಕೆಳಗೆ ನೀಲಿ ಚಾಕಿನ ಧೂಳು ಎದ್ದು ನಿಧಾನವಾಗಿ ಇಳಿಯಿತು. "ಸಾರ್, ಹತ್ತೂವರೆವರ್ಗೂ ಇರ್ತೀರಾ? ಇವತ್ತು ನೈನ್‌ಬಾಲ್ ಹಾಕ್ತೀನಿ, ಎಣಿಸೋಕೆ ಒಬ್ರು ಬೇಕು" ಅಂದ.

ಕೌಂಟರಿನಿಂದ ಒಂದು ಹಳೆಯ ನೋಟ್‌ಬುಕ್ಕೂ ಪೆನ್ನೂ ತೆಗೆದುಕೊಂಡು ಗೋಡೆ ಪಕ್ಕದ ಕುರ್ಚಿಯಲ್ಲಿ ಕುಳಿತೆ.